ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅಂಗಸಾಧನೆ

ಈ ಹೊತ್ತಿನ ಭಾಷಣಕ್ಕೆ ನಾವು ಆರಿಸಿಕೊಂಡಿರುವ ವಿಷಯ ನಾಲ್ಕು ಜನರ ಎದುರಿಗೆ ಎತ್ತಿ ಆಡತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಮನೆಯ ಅರ್ಧ ಭಾಗದ ಜನ ತಿಂಗಳು ತಿಂಗಳೂ ಅನುಭವಿಸುವ ಒಂದು ಸಂಕಟದ ವಿಚಾರವನ್ನು ಮನೆಯವರೆಲ್ಲರೂ ಕೂಡಿ ಕೇಳುವುದರಲ್ಲಿ ಅನುಚಿತವೇನೂ ಇಲ್ಲ. ಗಂಡಸರು ಎದ್ದು ಹೋಗದೆ ಕೇಳಬೇಕೆಂಬುದೇ ನಮ್ಮ ಅಪೇಕ್ಷೆ.

ಸಿಂಧನೂರಿನಿಂದ ಹೊರಟು ಮಸ್ಕಿಯನ್ನು ಹಾದು ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಳೆಗಾಲದ ಒಂದು ಬೆಳಿಗ್ಗೆ ಪ್ರಯಾಣ ಮಾಡಿದವರು ಎರಡು ಬಗೆಯ ಸ್ತ್ರೀಯರನ್ನು ಕಾಣದೆ ಇರಲಾರರು. ಸಿಂಧನೂರಿನ ಸುತ್ತ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ನಿಂತ ಗದ್ದೆಗಳು. ಅವುಗಳಲ್ಲಿ ಸಾಲಾಗಿ ಬಾಗಿ ಭತ್ತದ ಸಸಿ ಹಚ್ಚುವ ಹೆಂಗಸರು. ಮುಂದೆ ಲಿಂಗಸುಗೂರಿನ ಕಡೆಗೆ ಸಾಗಿದಂತೆ ಹತ್ತಿ, ತೊಗರಿ, ಸಜ್ಜೆಯ ಹೊಲಗಳು. ಅಲ್ಲಿ ಕಳೆ ತೆಗೆಯುವವರೂ ಅವರೇ. ಇದು ಒಂದು ಬಗೆ. ಅದೇ ದಾರಿಯ ಬಸ್ಸಿನೊಳಗೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಶಾಲೆಗೋ ಬ್ಯಾಂಕಿಗೋ ತಾಲೂಕು ಕಚೇರಿಗೋ ಹೊರಟವರು ಮತ್ತೊಂದು ಬಗೆ. ಒಬ್ಬಳು ಹಗಲೆಲ್ಲ ಬಾಗಿರುವವಳು, ಇನ್ನೊಬ್ಬಳು ಹಗಲೆಲ್ಲ ಕುಳಿತಿರುವವಳು. ಇಬ್ಬರಲ್ಲಿ ಯಾರಿಗಾದರೂ ಹೊರಗಾಗುವುದಕ್ಕೆ ನಾಲ್ಕೈದು ದಿನ ಮೊದಲು ಮೈ ಭಾರವಾಗಬಹುದು, ಎದೆ ಬಿಗಿಯಬಹುದು, ಹೊಟ್ಟೆ ಉಬ್ಬರಿಸಬಹುದು, ತಲೆ ಸಿಡಿಯಬಹುದು. ಕಾರಣವಿಲ್ಲದೆ ಅಳು ಬರಬಹುದು, ಕಾರಣವಿದ್ದುದಕ್ಕಿಂತ ಹತ್ತರಷ್ಟು ಸಿಟ್ಟು ಬರಬಹುದು. ಇಂಥವಳಿಗೆ ಹಿತಚಿಂತಕರು ಕೊಡುವ ಸಲಹೆ ಒಂದೇ: "ಸ್ವಲ್ಪ ವ್ಯಾಯಾಮ ಮಾಡು, ಯೋಗ ಮಾಡು." ಸಲಹೆ ತಪ್ಪಲ್ಲ. ಆದರೆ ಯಾರಿಗೆ ಯಾವ ವ್ಯಾಯಾಮ, ಯಾವಾಗ, ಎಷ್ಟು ಎಂಬುದನ್ನು ಹೇಳದೆ ಬಿಟ್ಟರೆ ಅದು ಅರ್ಧ ಸಲಹೆಯಾಗುತ್ತದೆ. ಉಳಿದರ್ಧವನ್ನು ಹೇಳುವ ಪ್ರಯತ್ನ ನಮ್ಮದು.

ಮೊದಲು ಈ ಸಂಕಟದ ಮೂಲ ಯಾವುದೆಂದು ನೋಡೋಣ. ಸ್ತ್ರೀಯ ಶರೀರದಲ್ಲಿ ಮುಂದಿನ ಮುಟ್ಟಿಗೆ ಸುಮಾರು ೧೪ ದಿನ ಮೊದಲು ಅಂಡಾಶಯದಿಂದ ಒಂದು ಅಂಡ ಹೊರಬರುತ್ತದೆ. ಅದು ಇದ್ದ ಸ್ಥಳದಲ್ಲಿ ಹಳದಿ ಬಣ್ಣದ ಸಣ್ಣದೊಂದು ಗ್ರಂಥಿ ರೂಪುಗೊಂಡು ಪ್ರೊಜೆಸ್ಟರಾನ್ ಎಂಬ ಅಂತಃಸ್ರಾವವನ್ನು ರಕ್ತಕ್ಕೆ ಬಿಡತೊಡಗುತ್ತದೆ. ಗರ್ಭ ನಿಲ್ಲದಿದ್ದರೆ ಆ ಗ್ರಂಥಿ ಬಾಡುತ್ತದೆ, ಅದರ ರಸವೂ ಇಳಿಯುತ್ತದೆ, ಆಗ ಮುಟ್ಟು ಕಾಣಿಸುತ್ತದೆ. ಈ ರಸದ ಏರಿಳಿತ ಎಲ್ಲ ಸ್ತ್ರೀಯರಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು. ಆದರೆ ಅದಕ್ಕೆ ಮಿದುಳು ತೋರುವ ಪ್ರತಿಕ್ರಿಯೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಮನಸ್ಸಿನ ಸ್ಥಿಮಿತಕ್ಕೆ ಬೇಕಾದ ಸಿರೋಟೋನಿನ್ ಮುಂತಾದ ದ್ರವ್ಯಗಳ ವ್ಯಾಪಾರ ಕೆಲವರಲ್ಲಿ ಈ ದಿನಗಳಲ್ಲಿ ಏರುಪೇರಾಗುತ್ತದೆ. ಆದಕಾರಣ ಇದು ಆಕೆಯ ಸ್ವಭಾವದ ದೋಷವೂ ಅಲ್ಲ, ಸೋಮಾರಿತನದ ನೆಪವೂ ಅಲ್ಲ. ೧೯೩೧ ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫ್ರ್ಯಾಂಕ್ ಎಂಬ ವೈದ್ಯರು ಮುಟ್ಟಿಗೆ ಮುಂಚಿನ ಈ ಬಿಗುವನ್ನು ಕುರಿತು ಬರೆದರು. ೧೯೫೩ ರಲ್ಲಿ ಇಂಗ್ಲೆಂಡಿನ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಎಂಬವರು ಈ ಲಕ್ಷಣಗಳನ್ನೆಲ್ಲ ಒಂದು ಸಮುದಾಯವಾಗಿ ಗುರುತಿಸಿ ಈಗ ಬಳಕೆಯಲ್ಲಿರುವ ಹೆಸರನ್ನು ಕೊಟ್ಟರು. ವೈದ್ಯಶಾಸ್ತ್ರ ಹೆಸರಿಡುವುದಕ್ಕೆ ಎಷ್ಟೋ ಶತಮಾನ ಮುಂಚೆಯೇ ನಮ್ಮ ಅಜ್ಜಿಯರಿಗೆ ಇದು ತಿಳಿದಿತ್ತು ಎನ್ನುವುದರಲ್ಲಿ ಸಂದೇಹವಿಲ್ಲ. ಅವರಿಗೆ ಹೇಳಿಕೊಳ್ಳಲು ಕಿವಿಗಳು ಮಾತ್ರ ಇರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಈ ಏರಿಳಿತ ನಡೆಯುವುದು ಅಂಡಾಶಯ ಮತ್ತು ಮಿದುಳುಗಳ ನಡುವೆ. ಗರ್ಭಕೋಶ ಅದರ ಕೊನೆಯ ಫಲವನ್ನು ತೋರಿಸುವ ಸ್ಥಳ ಮಾತ್ರ. ನಮ್ಮ ಸೀಮೆಗೆ ಹತ್ತಿರದ ಕಲಬುರಗಿ ಜಿಲ್ಲೆಯಲ್ಲಿ, ಹೊಟ್ಟೆನೋವು ಬಿಳಿಸೆರಗು ಮುಂತಾದ ದೂರುಗಳನ್ನು ಹೇಳಿಕೊಂಡು ಹೋದ ಬಡ ಹೆಂಗಸರಿಗೆ ಅಗತ್ಯವಿಲ್ಲದೆ ಗರ್ಭಕೋಶವನ್ನು ತೆಗೆದ ಪ್ರಕರಣಗಳು ೨೦೧೫ ರಲ್ಲಿ ದೊಡ್ಡ ಸುದ್ದಿಯಾದವು. ಅವರಲ್ಲಿ ಅನೇಕರು ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು. "ಆ ಚೀಲವನ್ನು ತೆಗೆಸಿಬಿಟ್ಟರೆ ತಿಂಗಳ ಕಾಟ ತಪ್ಪಿತು" ಎಂಬ ಮಾತು ಪೇಟೆಯಲ್ಲಿಯೂ ಕೇಳಿಬರುತ್ತದೆ. ರಕ್ತಸ್ರಾವ ನಿಲ್ಲುವುದು ನಿಜ. ಆದರೆ ಅಂಡಾಶಯಗಳು ಉಳಿದಿರುವ ತನಕ ರಸಗಳ ಏರಿಳಿತವೂ ಉಳಿದಿರುತ್ತದೆ. ಎದೆಯ ಬಿಗಿತ, ಮನಸ್ಸಿನ ಕುದಿತ ಮೊದಲಿನಂತೆಯೇ ಬಂದು ಹೋಗಬಹುದು. ಮುಟ್ಟು ಕಾಣದ ಕಾರಣ ಇದು ಯಾವ ದಿನಗಳ ಸಂಕಟವೆಂದು ಗುರುತಿಸುವುದಕ್ಕೂ ಆಗದೆ ಹೋಗುತ್ತದೆ. ಅಂಡಾಶಯಗಳನ್ನೂ ಎಳೆಯ ವಯಸ್ಸಿನಲ್ಲಿ ತೆಗೆದರೆ ಎಲುಬು ಸವೆಯುವುದು ಮೊದಲಾದ ಬೇರೆ ತೊಂದರೆಗಳು ಬೇಗನೆ ಗಂಟುಬೀಳುತ್ತವೆ. ಶಸ್ತ್ರಚಿಕಿತ್ಸೆ ಬೇಕಾದ ರೋಗಗಳು ಬೇರೆ ಇವೆ. ಅವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಮುಟ್ಟಿಗೆ ಮುಂಚಿನ ಸಂಕಟ ಒಂದಕ್ಕಾಗಿಯೇ ಗರ್ಭಕೋಶವನ್ನು ಕಳೆದುಕೊಳ್ಳಬೇಕಾಗಿಲ್ಲವೆಂಬುದಷ್ಟನ್ನೇ ನಾವು ಸ್ಪಷ್ಟವಾಗಿ ಹೇಳುತ್ತಿರುವುದು.

ಹಾಗಾದರೆ ತನಗೆ ಇರುವುದು ಇದೇ ಸಂಕಟವೆಂದು ತಿಳಿಯುವುದು ಹೇಗೆ? ಅದಕ್ಕೆ ಯಂತ್ರವೂ ಬೇಡ, ರಕ್ತಪರೀಕ್ಷೆಯೂ ಬೇಡ. ಎಲ್ಲರ ಮನೆಯ ಗೋಡೆಯಲ್ಲಿಯೂ ತಿಥಿ ನಕ್ಷತ್ರ ಮುದ್ರಿಸಿದ ಕ್ಯಾಲೆಂಡರು ಇರುತ್ತದೆ. ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆಯುವ ಹಾಗೆ ಅದರಲ್ಲಿಯೇ ಒಂದು ಗುರುತು ಹಾಕುತ್ತ ಹೋಗಬೇಕು. ಮುಟ್ಟಾದ ದಿನಕ್ಕೆ ಒಂದು ಗುರುತು. ತಲೆನೋವು, ಉಬ್ಬರ, ಸಿಟ್ಟು, ನಿದ್ರೆಗೇಡು ಇವುಗಳಿಗೆ ಒಂದೊಂದು ಅಕ್ಷರ. ಎರಡು ಮೂರು ತಿಂಗಳು ಹೀಗೆ ಬರೆದು ನೋಡಿದರೆ ಸಂಕಟ ಮುಟ್ಟಿಗೆ ಮುಂಚಿನ ಐದಾರು ದಿನಗಳಲ್ಲಿ ಕೂಡಿಕೊಂಡು, ಮುಟ್ಟು ಆರಂಭವಾದ ನಾಲ್ಕು ದಿನಗಳೊಳಗೆ ಕರಗಿ, ನಡುವೆ ಒಂದು ವಾರವಾದರೂ ಮೈಮನಸ್ಸುಗಳು ಹಗುರವಾಗಿದ್ದರೆ ಇದು ಅದೇ ಎಂದು ತಿಳಿಯಬಹುದು. ತಿಂಗಳ ಮೂವತ್ತು ದಿನವೂ ಆಯಾಸ, ಮೂವತ್ತು ದಿನವೂ ಬೇಸರವಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಮುಟ್ಟು ಆರಂಭವಾದ ದಿನದ ಕಿಬ್ಬೊಟ್ಟೆಯ ಸೆಳೆತ ಮತ್ತೊಂದು ಜಾತಿಯದು. ಎರಡನ್ನೂ ಒಂದೇ ಎಂದು ಬಗೆದು ಒಂದರ ಔಷಧಿಯನ್ನು ಇನ್ನೊಂದಕ್ಕೆ ನುಂಗುವವರು ಬಹಳ ಮಂದಿ.

ಇನ್ನು ವ್ಯಾಯಾಮದ ವಿಚಾರ. ವ್ಯಾಯಾಮದಿಂದಲೂ ಯೋಗಾಭ್ಯಾಸದಿಂದಲೂ ಈ ಲಕ್ಷಣಗಳು ತಗ್ಗುತ್ತವೆಂದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಈ ಪರೀಕ್ಷೆಗಳು ಬಹುಮಟ್ಟಿಗೆ ಚಿಕ್ಕವು, ಎಂಟರಿಂದ ಹನ್ನೆರಡು ವಾರಗಳಷ್ಟೇ ನಡೆದವು, ಹೆಚ್ಚಾಗಿ ಕಾಲೇಜಿನ ವಿದ್ಯಾರ್ಥಿನಿಯರ ಮೇಲೆ ಮಾಡಿದವು. ಆದ್ದರಿಂದ ಪ್ರಯೋಜನವುಂಟು ಎನ್ನಬಹುದೇ ಹೊರತು, ಎಲ್ಲರಿಗೂ ಇಷ್ಟೇ ಪ್ರಯೋಜನವೆಂದು ಅಳೆದುಕೊಡುವುದಕ್ಕೆ ಆಗದು. ಖರ್ಚಿಲ್ಲ, ಅಪಾಯ ಬಹು ಕಡಿಮೆ, ಇತರ ಲಾಭಗಳು ಅನೇಕ ಎಂಬ ಕಾರಣದಿಂದ ಅಮೆರಿಕೆಯ ಪ್ರಸೂತಿ ವೈದ್ಯರ ಸಂಸ್ಥೆಯೂ ಇದನ್ನು ಸಲಹೆ ಮಾಡುತ್ತದೆ. ಚುರುಕಾಗಿ ನಡೆದಾಗ ನೋವನ್ನು ಮರೆಸುವ ದ್ರವ್ಯಗಳು ಶರೀರದಲ್ಲಿಯೇ ಹುಟ್ಟುತ್ತವೆ. ರಾತ್ರಿಯ ನಿದ್ರೆ ಗಾಢವಾಗುತ್ತದೆ. ಕರುಳಿನ ಚಲನೆ ಸರಾಗವಾಗಿ ಉಬ್ಬರ ಇಳಿಯುತ್ತದೆ. ಇವುಗಳಲ್ಲಿ ನಿದ್ರೆಯೇ ಮುಖ್ಯವಾದುದೆಂದು ನಮಗೆ ತೋರುತ್ತದೆ. ನಿದ್ರೆ ಕೆಟ್ಟ ಮನೆಯಲ್ಲಿ ಬೆಳಗಿನ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ.

ಆದರೆ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಸಂಕಟದ ದಿನ ಬಂದಾಗ ವ್ಯಾಯಾಮವನ್ನು ಆರಂಭಿಸಿ, ಕಳೆದ ಮೇಲೆ ಬಿಟ್ಟುಬಿಡುವುದು. ನೆರೆ ಬಂದಾಗ ಒಡ್ಡು ಕಟ್ಟಲು ಹೋದಂತೆ ಅದು. ವ್ಯಾಯಾಮದ ಫಲ ಬರುವುದು ತಿಂಗಳಿಡೀ ಮಾಡಿದವರಿಗೆ, ಅದೂ ಎರಡು ಮೂರು ತಿಂಗಳಾದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ವ್ಯಾಯಾಮವನ್ನು ಹೇಳಿದೆ. ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಮಾತನಾಡುವುದಕ್ಕೆ ಉಸಿರು ಸಾಲಬೇಕು, ಹಾಡುವುದಕ್ಕೆ ಸಾಲಕೂಡದು; ಅದೇ ನಡಿಗೆಯ ಸರಿಯಾದ ವೇಗ. ಬೇಸಗೆಯಲ್ಲಿ ೪೦ ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಸೂರ್ಯ ಏರುವುದಕ್ಕೆ ಮುಂಚೆ ಇದನ್ನು ಮುಗಿಸಬೇಕು. ಸಿಂಧನೂರಿನವರಿಗೆ ಕಾಲುವೆಯ ದಂಡೆಯ ದಾರಿಯಿದೆ. ಒಬ್ಬೊಬ್ಬರೇ ಹೋಗದೆ ಮೂವರು ನಾಲ್ವರು ಕೂಡಿ ಹೋಗುವುದು ಕ್ಷೇಮ. ಮಸ್ಕಿಯವರಿಗೆ ಮಲ್ಲಿಕಾರ್ಜುನನ ಗುಡ್ಡದ ಮೆಟ್ಟಿಲುಗಳಿವೆ. ಅಶೋಕನ ಹೆಸರನ್ನು ಹೊತ್ತ ಶಾಸನ ೧೯೧೫ ರಲ್ಲಿ ಬೆಳಕಿಗೆ ಬಂದುದರಿಂದ ಆ ಊರು ವಿದ್ವಾಂಸರಿಗೆಲ್ಲ ಪರಿಚಿತವಾಯಿತು. ಊರಿನ ಹೆಣ್ಣುಮಕ್ಕಳಿಗೆ ಗುಡ್ಡ ಹತ್ತಿ ಇಳಿಯುವ ಲಾಭ ಅದಕ್ಕೂ ಹಳೆಯದು. ಲಿಂಗಸುಗೂರಿನಲ್ಲಿ ಶಾಲೆ ಕಾಲೇಜುಗಳ ಬಯಲುಗಳಿವೆ. ಬೆಳಿಗ್ಗೆ ಒಂದು ಗಂಟೆ ಅವುಗಳನ್ನು ಹೆಂಗಸರಿಗೆಂದು ಬಿಟ್ಟುಕೊಟ್ಟರೆ ಯಾರಿಗೂ ನಷ್ಟವಿಲ್ಲ. ಮನೆಯಿಂದ ಹೊರಡಲಾಗದವರು ಹಗ್ಗದಾಟವಾಡಬಹುದು. ಹುಡುಗಿ ದೊಡ್ಡವಳಾದಳೆಂದು ಕುಂಟೆಬಿಲ್ಲೆಯನ್ನೂ ಹಗ್ಗದಾಟವನ್ನೂ ಬಿಡಿಸುವ ತಾಯಂದಿರು, ಅವು ಬೇಕಾಗುವ ಕಾಲಕ್ಕೇ ಬಿಡಿಸುತ್ತಿದ್ದೇವೆಂಬುದನ್ನು ಯೋಚಿಸಿ ನೋಡಬೇಕು.

ಯೋಗಾಸನವೆಂದರೆ ಋಷಿಗಳ ಕಾಲದಿಂದಲೂ ಮನೆಮನೆಯಲ್ಲಿ ಸ್ತ್ರೀಯರು ಮಾಡುತ್ತ ಬಂದುದೆಂದು ಈಗಿನವರು ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ಸಿಂಧನೂರು ಲಿಂಗಸುಗೂರುಗಳು ಹೈದರಾಬಾದು ಸಂಸ್ಥಾನದಲ್ಲಿದ್ದ ಆ ಕಾಲದಲ್ಲಿ, ಮೈಸೂರು ಸಂಸ್ಥಾನದ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ೧೯೩೩ ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಮರುವರ್ಷ ಅವರು ಕನ್ನಡದಲ್ಲಿಯೇ 'ಯೋಗ ಮಕರಂದ'ವನ್ನು ಬರೆದರು. ಆ ಶಾಲೆಯ ಶಿಷ್ಯರು ಮುಖ್ಯವಾಗಿ ಹುಡುಗರು. ೧೯೩೬ ರಲ್ಲಿ ಆಚಾರ್ಯರು ಶಿಷ್ಯರೊಡನೆ ಧಾರವಾಡದ ಕಡೆಗೆ ಬಂದಾಗ ಅಲ್ಲಿಯ ಕೆಲವು ಮಹಿಳೆಯರು ತಮಗೂ ಕಲಿಸಬೇಕೆಂದು ಕೇಳಿದರು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನೆಂಬ ಕಾರಣದಿಂದ ಆ ಕೆಲಸ ಬೆಳ್ಳೂರಿನ ಸುಂದರರಾಜನೆಂಬ ತರುಣನ ಪಾಲಿಗೆ ಬಂತು. ಮುಂದೆ ಲೋಕಪ್ರಸಿದ್ಧರಾದ ಬಿ. ಕೆ. ಎಸ್. ಅಯ್ಯಂಗಾರರು ಅವರೇ. ಅವರ ಮಗಳು ಗೀತಾ ಅಯ್ಯಂಗಾರ್ ಸ್ತ್ರೀಯರ ಶರೀರಧರ್ಮಕ್ಕೆ ತಕ್ಕಂತೆ ಆಸನಗಳನ್ನು ವಿಂಗಡಿಸಿ, ದಿಂಬು ಕಂಬಳಿ ಗೋಡೆಗಳ ಆಸರೆಯಿಂದ ಮಾಡುವ ಕ್ರಮವನ್ನು ವಿಸ್ತಾರವಾಗಿ ಬರೆದರು. ನಾವು ಕೆಳಗೆ ಹೇಳುವುದು ಈ ಬಗೆಯ, ಶಕ್ತಿಯನ್ನು ಬೇಡದ, ಆಸರೆಯ ಆಸನಗಳನ್ನು.

ಗೋಡೆಗೆ ಕಾಲು ಚಾಚಿ ಮಲಗುವುದು ಮೊದಲನೆಯದು. ಗೋಡೆಗೆ ಪಕ್ಕವಾಗಿ ಕುಳಿತು, ನಿಧಾನವಾಗಿ ಬೆನ್ನನ್ನು ನೆಲಕ್ಕೆ ಇಳಿಸುತ್ತ ಎರಡು ಕಾಲುಗಳನ್ನೂ ಗೋಡೆಯ ಮೇಲೆ ಏರಿಸಬೇಕು. ಸೊಂಟದ ಕೆಳಗೆ ಮಡಿಸಿದ ಕಂಬಳಿ ಇದ್ದರೆ ಹಿತ. ಕೈಗಳನ್ನು ಪಕ್ಕಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಐದರಿಂದ ಹತ್ತು ನಿಮಿಷ ಸುಮ್ಮನಿರಬೇಕು. ಹಗಲೆಲ್ಲ ನಿಂತ ಅಥವಾ ಕುಳಿತ ಕಾಲುಗಳ ಬಾವು ಇಳಿಯುವುದಕ್ಕೆ ಇದಕ್ಕಿಂತ ಸುಲಭದ ಉಪಾಯವನ್ನು ನಾವು ಕಂಡಿಲ್ಲ. ಮುಗಿಸುವಾಗ ಮಂಡಿ ಮಡಿಸಿ ಒಂದು ಪಕ್ಕಕ್ಕೆ ಹೊರಳಿ, ಸ್ವಲ್ಪ ಹೊತ್ತು ಹಾಗೆಯೇ ಇದ್ದು ಏಳಬೇಕು. ತಟ್ಟನೆ ಎದ್ದರೆ ತಲೆ ಸುತ್ತೀತು.

ಎರಡನೆಯದು ಸುಪ್ತ ಬದ್ಧಕೋಣಾಸನ. ಅಂಗಾತ ಮಲಗಿ, ಬೆನ್ನಿನ ಕೆಳಗೆ ಉದ್ದಕ್ಕೆ ದಿಂಬನ್ನಿಟ್ಟು, ಎರಡು ಅಂಗಾಲುಗಳನ್ನೂ ಕೂಡಿಸಿ ಮಂಡಿಗಳನ್ನು ಎರಡೂ ಕಡೆಗೆ ಬಿಡುವುದು. ಮಂಡಿ ನೆಲ ಮುಟ್ಟಲೇಬೇಕೆಂಬ ಹಟ ಬೇಡ; ಅವುಗಳ ಕೆಳಗೂ ಒಂದೊಂದು ದಿಂಬನ್ನಿಟ್ಟರೆ ತೊಡೆಸಂದಿಯ ಬಿಗಿತ ತಾನಾಗಿಯೇ ಸಡಿಲುತ್ತದೆ. ಮೂರನೆಯದು ಶಿಶುವಿನಂತೆ ಮಂಡಿಯೂರಿ, ಹಿಮ್ಮಡಿಯ ಮೇಲೆ ಕುಳಿತು, ಮುಂದಕ್ಕೆ ಬಾಗಿ ಹಣೆಯನ್ನು ದಿಂಬಿನ ಮೇಲಿಡುವುದು. ಬೆನ್ನಿನ ಕೆಳಭಾಗ ಹಿಡಿದುಕೊಂಡವರಿಗೆ ಇದು ಒಳ್ಳೆಯದು. ಎದೆ ನೋಯುತ್ತಿರುವ ದಿನಗಳಲ್ಲಿ ಬೋರಲು ಮಲಗಿ ಮಾಡುವ ಭುಜಂಗಾಸನದಂಥವನ್ನು ಬಿಡುವುದು ಲೇಸು. ಅವು ತಿಂಗಳ ಉಳಿದ ದಿನಗಳಿಗೆ ಇರಲಿ. ಕಡೆಯಲ್ಲಿ ಶವಾಸನ, ಅದರೊಡನೆ ಒಳಗೆಳೆದುದಕ್ಕಿಂತ ಉಸಿರನ್ನು ಹೊರಬಿಡುವುದು ದೀರ್ಘವಾಗಿರುವಂತೆ ಹತ್ತು ನಿಮಿಷದ ಉಸಿರಾಟ. ಸಿಟ್ಟಿನ ದಿನಗಳಿಗೆ ಇದೇ ಮುಖ್ಯ ಸಾಧನೆ. ಉಸಿರನ್ನು ಬಲವಂತವಾಗಿ ಕಟ್ಟಿಹಿಡಿಯುವುದು, ತಲೆ ಕೆಳಗಾಗಿ ನಿಲ್ಲುವುದು ಮುಂತಾದವನ್ನು ಪುಸ್ತಕವನ್ನೋ ಮೊಬೈಲಿನ ಚಿತ್ರವನ್ನೋ ನೋಡಿ ಕಲಿಯಕೂಡದು.

ಇಷ್ಟೂ ಕುಳಿತು ಕೆಲಸ ಮಾಡುವವಳ ಮಾತಾಯಿತು. ಗದ್ದೆಯಲ್ಲಿ ಬಾಗಿರುವವಳ ಗತಿ ಏನು? "ಅವಳಿಗೆ ವ್ಯಾಯಾಮವೇಕೆ, ದಿನವೂ ದುಡಿಯುತ್ತಾಳಲ್ಲ" ಎನ್ನುವ ಮಾತನ್ನು ವಿದ್ಯಾವಂತರ ಬಾಯಲ್ಲಿ ಕೇಳಿದ್ದೇವೆ. ದುಡಿಮೆ ಬೇರೆ, ವ್ಯಾಯಾಮ ಬೇರೆ. ವ್ಯಾಯಾಮದಲ್ಲಿ ಮೈ ಎಲ್ಲ ಕಡೆಗೂ ಹೊರಳುತ್ತದೆ, ಆಯಾಸವಾದರೆ ನಿಲ್ಲಿಸುವ ಸ್ವಾತಂತ್ರ್ಯವಿರುತ್ತದೆ, ಮುಗಿದ ಮೇಲೆ ವಿಶ್ರಾಂತಿಯಿರುತ್ತದೆ. ನಾಟಿ ಹಚ್ಚುವವಳು ಒಂದೇ ಕಡೆಗೆ ಬಾಗಿ, ಕಾಲನ್ನು ಕೆಸರಿನಲ್ಲಿಟ್ಟು, ಎಕರೆಯ ಲೆಕ್ಕದ ಗುತ್ತಿಗೆಯನ್ನು ಗುಂಪಿನೊಡನೆ ಮುಗಿಸಬೇಕು. ಅವಳು ಹಿಂದೆ ಬಿದ್ದರೆ ಸಾಲೇ ಹಿಂದೆ ಬೀಳುತ್ತದೆ. ಇಂಥವಳಿಗೆ ಅರ್ಧ ಗಂಟೆ ನಡೆಯೆಂದು ಹೇಳುವುದು ವಿವೇಕವಲ್ಲ. ಅವಳಿಗೆ ಬೇಕಾದುದು ಗಂಟೆಗೊಮ್ಮೆ ಬದುವಿನ ಮೇಲೆ ನೆಟ್ಟಗೆ ನಿಂತು, ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಮೆಲ್ಲನೆ ಬಾಗುವ ಎರಡು ನಿಮಿಷ. ನೆರಳಿನಲ್ಲಿ ಕುಳಿತು ನೀರು ಕುಡಿಯುವ ಅವಕಾಶ. ಸಂಜೆ ಮನೆಗೆ ಬಂದಾಗ ಒಲೆ ಹೊತ್ತಿಸುವುದಕ್ಕೆ ಮುಂಚೆ ಗೋಡೆಗೆ ಕಾಲು ಚಾಚಿ ಮಲಗುವ ಹತ್ತು ನಿಮಿಷ. ಈ ಹತ್ತು ನಿಮಿಷವನ್ನು ಅವಳಿಗೆ ದೊರಕಿಸಿಕೊಡುವುದು ಮನೆಯವರ ಕೈಯಲ್ಲಿದೆ. ೨೦೨೫ ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ೧೨ ದಿನಗಳ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಅದು ಕಚೇರಿ ಕಾರ್ಖಾನೆಗಳ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ ಸಂಬಂಧಿಸಿದ ಮಾತು. ಗದ್ದೆಯ ಸಾಲಿಗೆ ಹಾಜರಿ ಪುಸ್ತಕವಿಲ್ಲ.

ಊಟದ ವಿಷಯವನ್ನು ಬೇಗ ಮುಗಿಸುತ್ತೇವೆ. ಈ ದಿನಗಳಲ್ಲಿ ಚಹಾ ಕಾಫಿಗಳನ್ನೂ ಉಪ್ಪನ್ನೂ ತಗ್ಗಿಸುವುದು ಒಳ್ಳೆಯದು. ದಿನಕ್ಕೆ ೧,೨೦೦ ಮಿಲಿಗ್ರಾಂ ಸುಣ್ಣದಂಶವನ್ನು ಕೊಟ್ಟು ನೋಡಿದ ೧೯೯೮ ರ ಅಮೆರಿಕೆಯ ಪರೀಕ್ಷೆಯೊಂದರಲ್ಲಿ ಲಕ್ಷಣಗಳು ಸ್ಪಷ್ಟವಾಗಿ ಇಳಿದುವು. ನಮ್ಮ ಕಡೆಯ ಜೋಳದ ರೊಟ್ಟಿಯಲ್ಲಿ ಸುಣ್ಣದಂಶ ಕಡಿಮೆ. ಜೊತೆಗೆ ಎಳ್ಳಿನ ಪುಡಿ, ಮೊಸರು, ಸೊಪ್ಪು ಇದ್ದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

ಕೊನೆಯದಾಗಿ, ಆಸನಗಳನ್ನು ನಂಬಿ ಕುಳಿತುಕೊಳ್ಳಬಾರದ ಸಂದರ್ಭಗಳು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ೧೫ ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತುವಾಗ ಏದುಸಿರು, ಕಣ್ಣಿನ ಒಳರೆಪ್ಪೆಯ ಬಿಳಿಚು, ಗಂಟೆಗೊಮ್ಮೆ ಬಟ್ಟೆ ಬದಲಿಸುವಷ್ಟು ಸ್ರಾವ ಇವು ಕಂಡರೆ ಮೊದಲು ರಕ್ತಪರೀಕ್ಷೆಯಾಗಬೇಕು, ಆಮೇಲೆ ನಡಿಗೆ. ನೂರಕ್ಕೆ ಮೂರರಿಂದ ಎಂಟು ಮಂದಿಯಲ್ಲಿ ಈ ಸಂಕಟ ಅತಿ ತೀವ್ರ ರೂಪವನ್ನು ತಾಳುತ್ತದೆಂದು ವೈದ್ಯರ ಅಂದಾಜು: ಬದುಕೇ ಬೇಡವೆನ್ನಿಸುವ ನಿರಾಶೆ, ಮಕ್ಕಳ ಮೇಲೆ ಕೈಮಾಡುವಷ್ಟು ಕೋಪ, ಕೆಲಸಕ್ಕೆ ಹೋಗಲಾರದ ಸ್ಥಿತಿ. ೨೦೧೩ ರಿಂದ ಅಮೆರಿಕೆಯ ಮನೋವೈದ್ಯರ ಪಟ್ಟಿಯಲ್ಲಿ ಇದು ಪ್ರತ್ಯೇಕ ರೋಗವಾಗಿ ಸೇರಿದೆ. ಇದಕ್ಕೆ ಪರೀಕ್ಷಿತವಾದ ಔಷಧಿಗಳಿವೆ. ಅವನ್ನು ತೆಗೆದುಕೊಳ್ಳುವುದರಲ್ಲಿ ನಾಚಿಕೆಗೆ ಕಾರಣವಿಲ್ಲ. ಸಾಯಬೇಕೆಂಬ ಮಾತು ಬಾಯಿಂದ ಬಂದರೆ ಅದನ್ನು ತಿಂಗಳ ಸಿಟ್ಟೆಂದು ತಳ್ಳಿಹಾಕದೆ ಅದೇ ದಿನ ಮನೆಯವರು ಜೊತೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತುರ್ತು ಅಷ್ಟಿಲ್ಲದ ಇತರರು ತಾಲೂಕು ಆಸ್ಪತ್ರೆಗೆ ಹೋಗುವಾಗ ಗುರುತು ಹಾಕಿದ ಆ ಎರಡು ಮೂರು ತಿಂಗಳ ಕ್ಯಾಲೆಂಡರಿನ ಹಾಳೆಗಳನ್ನು ಜೊತೆಗೆ ಒಯ್ಯತಕ್ಕದ್ದು. ಗರ್ಭಕೋಶವನ್ನು ತೆಗೆಸಬೇಕೆಂದು ಯಾರಾದರೂ ಹೇಳಿದಲ್ಲಿ, ಅದೇ ಹಾಳೆಗಳನ್ನು ಇನ್ನೊಬ್ಬ ವೈದ್ಯರಿಗೂ ತೋರಿಸಿದ ಮೇಲೆಯೇ ಒಪ್ಪಿಗೆಯ ರುಜು ಹಾಕಬೇಕು.